ಬಸ್ಸು ಬಂದು ನಿಂತಿತ್ತು, ಹತ್ತುವವರು ಇರಲಿಲ್ಲ: ನಿರಾಶ್ರಿತರ ‘ಸ್ವಇಚ್ಛೆಯ ವಾಪಸಾತಿ’ ಎಂದರೇನು?

2019ರ ಆಗಸ್ಟ್ 22. ಬಾಂಗ್ಲಾದೇಶದ ತುತ್ತತುದಿಯ ತೆಕ್ನಾಫ್ ಕಡೆಯ ಒಂದು ನಿರಾಶ್ರಿತರ ಶಿಬಿರ. ಬೆಳಿಗ್ಗೆಯೇ ಬಸ್ಸು, ಲಾರಿಗಳು ಬಂದು ನಿಂತಿದ್ದವು. ಜನರಿಗೆ ಬಸ್ಸು, ಅವರ ಸಾಮಾನಿಗೆ ಲಾರಿ. ‘ಇವರನ್ನು ವಾಪಸ್ ಕರೆದುಕೊಳ್ಳುತ್ತೇವೆ’ ಎಂದು ಮ್ಯಾನ್ಮಾರ್ ಒಪ್ಪಿದ 3,450 ರೋಹಿಂಗ್ಯಾಗಳ (ಮ್ಯಾನ್ಮಾರ್‌ನ ರಖೈನ್ ರಾಜ್ಯದ ಮುಸ್ಲಿಂ ಅಲ್ಪಸಂಖ್ಯಾತರು) ಪಟ್ಟಿ ಅಧಿಕಾರಿಗಳ ಕೈಯಲ್ಲಿತ್ತು. ಹಿಂದಿನ ಎರಡು ಮೂರು ದಿನದಿಂದ ಪಟ್ಟಿಯಲ್ಲಿದ್ದ ಸುಮಾರು 300 ಕುಟುಂಬಗಳನ್ನು ಒಂದೊಂದಾಗಿ ಕರೆದು ಕೂರಿಸಿ ‘ಹೋಗ್ತೀರಾ?’ ಎಂದು ಕೇಳಿದ್ದರು. ಅವತ್ತು ಒಬ್ಬರೂ ಬಸ್ ಹತ್ತಲಿಲ್ಲ.

ಒಂಬತ್ತು ತಿಂಗಳ ಹಿಂದೆ, 2018ರ ನವೆಂಬರ್ 15ರಂದೂ ಹೀಗೇ ಆಗಿತ್ತು. ಅವತ್ತು ಜನ ‘ನಾವು ಹೋಗಲ್ಲ’ ಎಂದು ಕೂಗಿ ಪ್ರತಿಭಟನೆಯನ್ನೇ ಮಾಡಿದ್ದರು.

ಓದಿದವರಿಗೆ ವಿಚಿತ್ರ ಅನ್ನಿಸಬಹುದು. ಬಿದಿರು, ತಾರ್ಪಾಲಿನ ಜೋಪಡಿ ಬಿಟ್ಟು ಸ್ವಂತ ಊರಿಗೆ ಹೋಗಿ ಅಂದರೆ ಯಾರಾದರೂ ಬೇಡ ಅಂತಾರಾ? ಅದೇ ಇನ್ನೊಂದು ಕಡೆ ನೋಡಿ. ಸಿರಿಯಾದಲ್ಲಿ 2024ರ ಡಿಸೆಂಬರ್‌ನಲ್ಲಿ ಅಸಾದ್ ಆಡಳಿತ ಬಿದ್ದ ಮೇಲೆ ಒಂದು ವರ್ಷದೊಳಗೆ 10 ಲಕ್ಷಕ್ಕೂ ಜಾಸ್ತಿ ಸಿರಿಯನ್ನರು ಹೊರದೇಶಗಳಿಂದ ಊರಿಗೆ ಮರಳಿದರು. ಪಾಕಿಸ್ತಾನ, ಇರಾನ್‌ಗಳು 2023ರಿಂದೀಚೆಗೆ ಲಕ್ಷಗಟ್ಟಲೆ ಆಫ್ಘನ್ನರನ್ನು ಗಡಿ ದಾಟಿಸಿದವು. ಸುದ್ದಿಯಲ್ಲಿ ಈ ಎಲ್ಲದಕ್ಕೂ ‘ವಾಪಸಾತಿ’ ಎಂಬ ಒಂದೇ ಪದ. ಒಳಗಿನ ಕತೆ ಮಾತ್ರ ಬೇರೆ ಬೇರೆ.

ನಿರಾಶ್ರಿತ ಎಂದರೆ ಯಾರು?

ಕನ್ನಡದಲ್ಲಿ ಈ ಪದವನ್ನು ನಾವು ಸಡಿಲವಾಗಿ ಬಳಸುತ್ತೇವೆ. ನೆರೆ ಬಂದು ಮನೆ ಕಳೆದುಕೊಂಡವರೂ ನಿರಾಶ್ರಿತರು, ಅಣೆಕಟ್ಟಿಗೆ ಊರು ಮುಳುಗಿದವರೂ ನಿರಾಶ್ರಿತರು. ಅಂತರರಾಷ್ಟ್ರೀಯ ಕಾನೂನಿನಲ್ಲಿ ಇದರ ಅರ್ಥ ಚಿಕ್ಕದು, ಬಿಗಿಯಾದದ್ದು. 1951ರಲ್ಲಿ ಜಿನೀವಾದಲ್ಲಿ ಆದ ನಿರಾಶ್ರಿತರ ಒಪ್ಪಂದ ಅದನ್ನು ಹೇಳುತ್ತದೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಅಥವಾ ಒಂದು ಸಾಮಾಜಿಕ ಗುಂಪಿಗೆ ಸೇರಿದ ಕಾರಣಕ್ಕೆ ತನಗೆ ಹಿಂಸೆ ಆಗುತ್ತದೆ ಎಂಬ ಭಯ ಇರಬೇಕು. ಆ ಭಯಕ್ಕೆ ಆಧಾರ ಇರಬೇಕು. ಜೊತೆಗೆ ಆತ ತನ್ನ ದೇಶದ ಗಡಿ ದಾಟಿರಬೇಕು.

ಮೊದಲು ಈ ಒಪ್ಪಂದ 1951ರ ಜನವರಿ 1ಕ್ಕಿಂತ ಹಿಂದಿನ ಘಟನೆಗಳಿಂದ ಓಡಿಬಂದವರಿಗಷ್ಟೇ ಇತ್ತು. ಎರಡನೇ ಮಹಾಯುದ್ಧದ ಯುರೋಪೇ ಅದನ್ನು ಬರೆದವರ ಕಣ್ಣ ಮುಂದಿದ್ದದ್ದು. 1967ರ ಪ್ರೋಟೊಕಾಲ್ ಎಂಬ ಪೂರಕ ಒಪ್ಪಂದ ಆ ಮಿತಿ ತೆಗೆದುಹಾಕಿತು.

ವಲಸೆ ಹೋದವರಿಗೂ ಇವರಿಗೂ ಇರುವ ವ್ಯತ್ಯಾಸ ಸುಲಭ. ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಗುಳೆ ಬಂದವರು ಉಗಾದಿಗೆ ಊರಿಗೆ ಹೋಗಿ ಬರುತ್ತಾರೆ. ನಿರಾಶ್ರಿತ ಹಬ್ಬಕ್ಕೆ ಊರಿಗೆ ಹೋಗಿ ಬರುವ ಹಾಗಿಲ್ಲ.

ಒಪ್ಪಂದದ ಜೀವಾಳ 33ನೇ ಕಲಂ. ಜೀವಕ್ಕೆ, ಸ್ವಾತಂತ್ರ್ಯಕ್ಕೆ ಅಪಾಯ ಇರುವ ಕಡೆಗೆ ನಿರಾಶ್ರಿತರನ್ನು ಯಾವ ರೀತಿಯಲ್ಲೂ ತಳ್ಳಬಾರದು. ಹುಲಿ ಬಾಯಿಂದ ತಪ್ಪಿಸಿಕೊಂಡು ಬಂದವನನ್ನು ಮತ್ತೆ ಹುಲಿ ಮುಂದೆ ಬಿಡಬೇಡಿ, ಅಷ್ಟೇ. ಭಾರತವೂ ಬಾಂಗ್ಲಾದೇಶವೂ ಈ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದರೂ ತಳ್ಳಬಾರದೆಂಬ ನಿಯಮ ಈಗ ಎಲ್ಲ ದೇಶಗಳಿಗೂ ಅನ್ವಯಿಸುವ ರೂಢಿಯ ಕಾನೂನಾಗಿದೆ ಎಂಬುದು ಅನೇಕ ಕಾನೂನು ಪಂಡಿತರ ವಾದ. ಎಲ್ಲ ಸರ್ಕಾರಗಳೂ ಇದನ್ನು ಒಪ್ಪುವುದಿಲ್ಲ.

ಮುಂದೇನು? ಮೂರು ದಾರಿ

ನಿರಾಶ್ರಿತರ ವಿಷಯ ನೋಡಿಕೊಳ್ಳಲು ವಿಶ್ವಸಂಸ್ಥೆಯದೇ ಒಂದು ಸಂಸ್ಥೆ ಇದೆ, ಯುಎನ್‌ಎಚ್‌ಸಿಆರ್. 1951ರಲ್ಲಿ ಶುರುವಾದಾಗ ಅದಕ್ಕೆ ಕೊಟ್ಟಿದ್ದ ಆಯಸ್ಸು ಮೂರೇ ವರ್ಷ. ಅಷ್ಟರಲ್ಲಿ ಕೆಲಸ ಮುಗಿಯುತ್ತದೆ ಅಂದುಕೊಂಡಿದ್ದರು! ಈ ಸಂಸ್ಥೆ ಹೇಳುವ ಶಾಶ್ವತ ಪರಿಹಾರಗಳು ಮೂರು: ತಾಯ್ನಾಡಿಗೆ ಸ್ವಇಚ್ಛೆಯಿಂದ ಮರಳುವುದು, ಆಶ್ರಯ ಕೊಟ್ಟ ದೇಶದಲ್ಲೇ ನೆಲೆ ನಿಲ್ಲುವುದು, ಮೂರನೇ ದೇಶಕ್ಕೆ ಹೋಗುವುದು.

ನಮ್ಮ ಮನೆಗಳಲ್ಲೇ ಇದಕ್ಕೊಂದು ಹೋಲಿಕೆ ಇದೆ. ಗಂಡನ ಮನೆಯಲ್ಲಿ ಹೊಡೆತ ತಾಳಲಾರದೆ ಹೆಣ್ಣುಮಗಳೊಬ್ಬಳು ತವರಿಗೆ ಬಂದಿದ್ದಾಳೆ ಅಂದುಕೊಳ್ಳಿ. ಗಂಡ ಬದಲಾದರೆ ಅವಳು ವಾಪಸ್ ಹೋಗಬಹುದು. ತವರಲ್ಲೇ ಉಳಿಯಬಹುದು. ಇಲ್ಲವೇ ಬೇರೆ ಊರಲ್ಲಿ ಕೆಲಸ ಹಿಡಿದು ಹೊಸ ಬದುಕು ಕಟ್ಟಿಕೊಳ್ಳಬಹುದು. ಈ ಮೂರನೇ ದಾರಿ ನಿರಾಶ್ರಿತರಲ್ಲಿ ವರ್ಷಕ್ಕೆ ನೂರಕ್ಕೆ ಒಬ್ಬರಿಗೂ ಸಿಗುವುದಿಲ್ಲ.

ಎರಡನೇ ದಾರಿ ನೋಡಬೇಕಾದರೆ ಮೈಸೂರಿನಿಂದ ಮಡಿಕೇರಿಗೆ ಹೋಗುವ ಬಸ್ ಹತ್ತಿ. ಕುಶಾಲನಗರಕ್ಕೆ ಸ್ವಲ್ಪ ಮೊದಲು ಬೈಲಕುಪ್ಪೆ. 1960ರ ದಶಕದ ಆರಂಭದಲ್ಲಿ ಆಗಿನ ಮೈಸೂರು ರಾಜ್ಯ ಟಿಬೆಟನ್ನರಿಗೆ ಇಲ್ಲಿ ಜಮೀನು ಕೊಟ್ಟಿತು. ಇವತ್ತು ಅಲ್ಲಿ ಜೋಳದ ಹೊಲ ಇದೆ, ಮಠಗಳಿವೆ, ಪ್ರವಾಸಿಗಳ ಗೋಲ್ಡನ್ ಟೆಂಪಲ್ ಇದೆ. ಆದರೂ ಅರವತ್ತು ವರ್ಷ ದಾಟಿದ ಮೇಲೂ ಅಲ್ಲಿಯ ಎಷ್ಟೋ ಜನರ ಕೈಯಲ್ಲಿ ಇರುವುದು ಕಾಲಕಾಲಕ್ಕೆ ನವೀಕರಿಸಬೇಕಾದ ನೋಂದಣಿ ಪತ್ರ. ಸಿಂಧನೂರಿನ ಸುತ್ತ ಇರುವ ಪುನರ್ವಸತಿ ಊರುಗಳಾದ ಆರ್.ಎಚ್. ಕ್ಯಾಂಪ್‌ಗಳದ್ದು ಇನ್ನೊಂದು ಕತೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ಅಲ್ಲಿ ಭತ್ತ ಬೆಳೆಯುತ್ತಾ ಉಳಿದುಬಿಟ್ಟವು.

ಮೊದಲನೇ ದಾರಿಗೆ ನಮ್ಮ ಉಪಖಂಡದ್ದೇ ದೊಡ್ಡ ಉದಾಹರಣೆ ಇದೆ. 1971ರಲ್ಲಿ ಸುಮಾರು 1 ಕೋಟಿ ಜನ ಪೂರ್ವ ಪಾಕಿಸ್ತಾನದಿಂದ ಭಾರತಕ್ಕೆ ಓಡಿಬಂದರು. ಡಿಸೆಂಬರ್‌ನಲ್ಲಿ ಯುದ್ಧ ಮುಗಿದು ಬಾಂಗ್ಲಾದೇಶ ಹುಟ್ಟಿತು. ಕೆಲವೇ ತಿಂಗಳಲ್ಲಿ ಬಹುಪಾಲು ಜನ ಹಿಂತಿರುಗಿದರು. ಅವರನ್ನು ಓಡಿಸಿದ ಸೈನ್ಯವೇ ಅಲ್ಲಿಂದ ಹೋಗಿತ್ತು. ಸಿರಿಯಾದಲ್ಲಿ ಈಗ ಆಗುತ್ತಿರುವುದೂ ಸುಮಾರಾಗಿ ಇದೇ.

ಇಚ್ಛೆಯನ್ನು ಅಳೆಯುವುದು ಹೇಗೆ?

ಮತ್ತೆ ಆ ತವರಿಗೆ ಬನ್ನಿ. ದಿನ ಕಳೆದಂತೆ ಅತ್ತಿಗೆಯ ಮುಖ ಗಂಟಿಕ್ಕುತ್ತದೆ. ತಟ್ಟೆಗೆ ಬೀಳುವ ಅನ್ನ ಕಡಿಮೆಯಾಗುತ್ತದೆ. ‘ಸ್ವಲ್ಪ ಹೊಂದಿಕೊಂಡು ಹೋಗಮ್ಮ’ ಎಂದು ಹಿರಿಯರು ಬುದ್ಧಿ ಹೇಳುತ್ತಾರೆ. ಕೊನೆಗೊಂದು ದಿನ ಅವಳೇ ‘ಸರಿ, ಹೋಗ್ತೀನಿ’ ಅಂತಾಳೆ. ಯಾರೂ ಕೈ ಹಿಡಿದು ಎಳೆಯಲಿಲ್ಲ. ಆದರೆ ಇದು ಅವಳ ಇಚ್ಛೆಯಾ?

ಅಂತರರಾಷ್ಟ್ರೀಯ ಜಗಳವೆಲ್ಲ ಇರುವುದು ಈ ಪ್ರಶ್ನೆಯ ಸುತ್ತ. ಹಾಗಾಗಿ ಯುಎನ್‌ಎಚ್‌ಸಿಆರ್ ಕೆಲವು ರೀತಿ ರಿವಾಜು ಮಾಡಿಕೊಂಡಿದೆ. ಊರಿನ ಸ್ಥಿತಿ ಈಗ ಹೇಗಿದೆ ಎಂದು ನಿರಾಶ್ರಿತರಿಗೆ ಇದ್ದದ್ದು ಇದ್ದ ಹಾಗೆ ತಿಳಿಸಬೇಕು. ಪ್ರತಿ ಕುಟುಂಬವನ್ನು ಬೇರೆ ಬೇರೆಯಾಗಿ, ಪೊಲೀಸರಾಗಲಿ ಶಿಬಿರದ ಮುಖಂಡರಾಗಲಿ ಪಕ್ಕದಲ್ಲಿ ಇಲ್ಲದಂತೆ ಮಾತಾಡಿಸಬೇಕು. ಹೆಂಗಸರನ್ನೂ ಕೇಳಬೇಕು. ಆಮೇಲೆ ಸ್ವಇಚ್ಛೆಯ ಫಾರ್ಮ್‌ಗೆ ಸಹಿ ಇಲ್ಲವೇ ಹೆಬ್ಬೆಟ್ಟು. ಇಷ್ಟರ ಜೊತೆಗೆ ಇನ್ನೊಂದಿದೆ, ನನಗೆ ತುಂಬಾ ಹಿಡಿಸಿದ್ದು: ‘ಹೋಗಿ ನೋಡಿ ಬನ್ನಿ’ ಭೇಟಿ. ಹೆಣ್ಣು ಕೊಡುವ ಮೊದಲು ಹಿರಿಯರು ಗಂಡಿನ ಮನೆ ನೋಡಿ ಬರುವುದಿಲ್ಲವೇ, ಹಾಗೆ. ಟರ್ಕಿ 2025ರಲ್ಲಿ ಆರು ತಿಂಗಳು ಸಿರಿಯನ್ ಕುಟುಂಬದ ಒಬ್ಬರಿಗೆ ಊರಿಗೆ ಹೋಗಿ ಮನೆ, ಹೊಲ ನೋಡಿಕೊಂಡು ಬರಲು ಬಿಟ್ಟಿತು.

ಇಚ್ಛೆಯ ಜೊತೆಗೆ ಎರಡು ಮಾತು ಯಾವಾಗಲೂ ಬರುತ್ತವೆ: ಸುರಕ್ಷತೆ ಮತ್ತು ಗೌರವ. ಗುಂಡು ಹಾರುವುದು ನಿಂತರೆ ಸಾಲದು. ಹೋದವರಿಗೆ ಪೌರತ್ವದ ಕಾಗದ ಬೇಕು, ಉಳುವುದಕ್ಕೆ ಅವರದೇ ಜಮೀನು ಬೇಕು, ಪಕ್ಕದ ಊರಿನ ಸಂತೆಗೆ ಯಾರ ಅಪ್ಪಣೆಯೂ ಇಲ್ಲದೆ ಹೋಗುವ ಹಾಗಿರಬೇಕು.

ರೋಹಿಂಗ್ಯಾಗಳು ಮೂರು ಸಲ ಓಡಿಬಂದವರು

ಈಗ ಆ ಖಾಲಿ ಬಸ್ಸಿಗೆ ಮರಳೋಣ. ಅವತ್ತು ಜನ ಯಾಕೆ ಹತ್ತಲಿಲ್ಲ ಎಂಬುದಕ್ಕೆ 40 ವರ್ಷದ ಲೆಕ್ಕ ಇದೆ.

1978ರಲ್ಲಿ ಬರ್ಮಾ (ಈಗಿನ ಮ್ಯಾನ್ಮಾರ್) ಸೈನ್ಯ ‘ನಾಗಾಮಿನ್’ ಎಂಬ ಕಾರ್ಯಾಚರಣೆ ನಡೆಸಿತು. ಅಕ್ರಮವಾಗಿ ನೆಲೆಸಿದವರನ್ನು ಹುಡುಕುವ ಹೆಸರಿನಲ್ಲಿ. ಸುಮಾರು 2 ಲಕ್ಷ ರೋಹಿಂಗ್ಯಾಗಳು ಗಡಿಯ ನಾಫ್ ನದಿ ದಾಟಿ ಬಾಂಗ್ಲಾದೇಶಕ್ಕೆ ಬಂದರು. ಅವರಲ್ಲಿ ಬಹುಪಾಲು ಜನ 1979ರ ಕೊನೆಯೊಳಗೆ ವಾಪಸ್ ಹೋಗಿದ್ದರು. ಯಾಕೆ ಹೋದರು? ಶಿಬಿರಗಳಲ್ಲಿ ಊಟ ಸಾಲುತ್ತಿರಲಿಲ್ಲ. ಸುಮಾರು 10,000 ಜನ ಸತ್ತರು, ಹೆಚ್ಚಿನವರು ಮಕ್ಕಳು. ಗೋದಾಮಿನಲ್ಲಿ ಧಾನ್ಯ ಇದ್ದೂ ಜನರಿಗೆ ಸರಿಯಾಗಿ ತಲುಪಲಿಲ್ಲ ಎಂದು ಬರೆದಿಟ್ಟವರು ಯುಎನ್‌ಎಚ್‌ಸಿಆರ್‌ನ ಕಾಕ್ಸ್ ಬಜಾರ್ (ಶಿಬಿರಗಳಿದ್ದ ಗಡಿ ಭಾಗ) ಕಚೇರಿಯಲ್ಲಿ ಕೆಲಸ ಮಾಡಿದ ಅಧಿಕಾರಿಯೇ.

ಹೋದವರಿಗೆ ಅಲ್ಲಿ ಕಾದಿದ್ದದ್ದು 1982ರ ಪೌರತ್ವ ಕಾನೂನು. ಸರ್ಕಾರ ಗುರುತಿಸಿದ 135 ಬುಡಕಟ್ಟುಗಳ ಪಟ್ಟಿಯಲ್ಲಿ ರೋಹಿಂಗ್ಯಾ ಎಂಬ ಹೆಸರೇ ಇಲ್ಲ. ಹುಟ್ಟಿದ ನೆಲದಲ್ಲೇ ಅವರು ಯಾವ ದೇಶಕ್ಕೂ ಸೇರದವರಾದರು.

1991–92ರಲ್ಲಿ ಎರಡನೇ ಸಲ ಸುಮಾರು 2.5 ಲಕ್ಷ ಜನ ಓಡಿಬಂದರು. ಬಲವಂತದ ದುಡಿಮೆ, ಜಮೀನು ಕಿತ್ತುಕೊಂಡದ್ದು ಕಾರಣ. ವಾಪಸಾತಿ ಬೇಗ ಶುರುವಾಯಿತು. ಒತ್ತಾಯ ನಡೆಯುತ್ತಿದೆ ಎಂಬ ಗಲಾಟೆ ಆದ ಮೇಲೆ, 1993ರಲ್ಲಿ ಯುಎನ್‌ಎಚ್‌ಸಿಆರ್ ಬಾಂಗ್ಲಾದೇಶದ ಜೊತೆ ಒಪ್ಪಂದ ಮಾಡಿಕೊಂಡು, ಪ್ರತಿಯೊಬ್ಬರನ್ನೂ ಕೇಳಿಯೇ ಕಳಿಸಬೇಕು ಎಂದಿತು. ಮರುವರ್ಷ ಅದೇ ಸಂಸ್ಥೆ ಪದ್ಧತಿ ಬದಲಿಸಿತು. ಒಬ್ಬೊಬ್ಬರನ್ನು ಕೂರಿಸಿ ಕೇಳುವ ಬದಲು ಸಾಮೂಹಿಕ ನೋಂದಣಿ. ಹೆಸರು ಬರೆಸಿದವರೆಲ್ಲ ಹೋಗಲು ಒಪ್ಪಿದವರು ಎಂಬ ಲೆಕ್ಕ. ‘ಗಡಿ ಇಲ್ಲದ ವೈದ್ಯರು’ (ಎಂಎಸ್ಎಫ್) ಎಂಬ ನೆರವು ಸಂಸ್ಥೆ 1995ರಲ್ಲಿ ಶಿಬಿರಗಳಲ್ಲಿ ಕೇಳಿ ನೋಡಿದಾಗ, ‘ಬೇಡ’ ಅನ್ನುವ ಹಕ್ಕು ತಮಗೆ ಇದೆ ಎಂಬುದೇ ಹೆಚ್ಚಿನವರಿಗೆ ಗೊತ್ತಿರಲಿಲ್ಲ. 1997ರ ಹೊತ್ತಿಗೆ ಸುಮಾರು 2.3 ಲಕ್ಷ ಜನ ಮರಳಿದ್ದರು. ಕಾಗದದಲ್ಲಿ ಎಲ್ಲರೂ ಸ್ವಇಚ್ಛೆಯವರು.

ಮೂರನೆಯದು ನಮಗೆಲ್ಲ ನೆನಪಿರುವುದು. 2017ರ ಆಗಸ್ಟ್ 25ರಂದು ಒಂದು ರೋಹಿಂಗ್ಯಾ ಸಶಸ್ತ್ರ ಗುಂಪು ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿತು. ಸೈನ್ಯ ಇಡೀ ಹಳ್ಳಿಗಳ ಮೇಲೆ ತಿರುಗಿಬಿತ್ತು. ಕೆಲವೇ ತಿಂಗಳಲ್ಲಿ 7 ಲಕ್ಷಕ್ಕೂ ಜಾಸ್ತಿ ಜನ ಕಾಕ್ಸ್ ಬಜಾರ್ ಸೇರಿದರು. ಅಲ್ಲಿಯ ಕುಟುಪಲಾಂಗ್ ಜಗತ್ತಿನ ಅತಿ ದೊಡ್ಡ ನಿರಾಶ್ರಿತರ ಶಿಬಿರವಾಯಿತು. ಮೂರು ತಿಂಗಳು ತುಂಬುವ ಮೊದಲೇ, ಅಂದರೆ ನವೆಂಬರ್ 23ಕ್ಕೆ, ಎರಡೂ ದೇಶಗಳು ವಾಪಸಾತಿ ಒಪ್ಪಂದಕ್ಕೆ ಸಹಿ ಹಾಕಿದವು. ಆಗಲೂ ಜನ ನದಿ ದಾಟಿ ಬರುತ್ತಲೇ ಇದ್ದರು.

2019ರ ಪಟ್ಟಿ ತಯಾರಾದ ಬಗೆ ಗಮನಿಸಿ. ಬಾಂಗ್ಲಾದೇಶ ಸುಮಾರು 22,000 ಹೆಸರು ಕಳಿಸಿತು. ಮ್ಯಾನ್ಮಾರ್ ಅದರಲ್ಲಿ 3,450 ಹೆಸರಿಗೆ ಟಿಕ್ ಹಾಕಿತು. ‘ನಿಮಗೆ ಹೋಗಲು ಇಷ್ಟವಾ’ ಎಂದು ಕೇಳಿದ್ದು ಅದಾದ ಮೇಲೆ. ಲಗ್ನಪತ್ರಿಕೆ ಹಂಚಿದ ಮೇಲೆ ಹುಡುಗಿಯನ್ನು ಕೇಳಿದ ಹಾಗೆ.

ಜನ ಕೇಳಿದ್ದು ಮೂರು: ಪೌರತ್ವ, ಜೀವಕ್ಕೆ ಭದ್ರತೆ, ತಮ್ಮದೇ ಊರು. ಮ್ಯಾನ್ಮಾರ್ ಕೊಡಲು ಮುಂದೆ ಬಂದದ್ದು ‘ರಾಷ್ಟ್ರೀಯ ಪರಿಶೀಲನಾ ಕಾರ್ಡ್’ ಮತ್ತು ತಾತ್ಕಾಲಿಕ ಶಿಬಿರ. ಆ ಕಾರ್ಡ್ ತೆಗೆದುಕೊಂಡರೆ ತಾವು ಹೊರಗಿನವರು ಎಂದು ಒಪ್ಪಿಕೊಂಡಂತೆ ಎಂಬುದು ಅವರ ಭಯ. ಸುಟ್ಟ ಹಳ್ಳಿಗಳನ್ನು ಬುಲ್ಡೋಜರ್‌ನಿಂದ ನೆಲಸಮ ಮಾಡಿದ್ದು ಉಪಗ್ರಹ ಚಿತ್ರಗಳಲ್ಲಿ ಕಂಡಿತ್ತು. ಅದಕ್ಕಿಂತ ಹೆಚ್ಚಾಗಿ, 2012ರ ಗಲಭೆಯಲ್ಲಿ ಮನೆ ಕಳೆದುಕೊಂಡ ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ರಖೈನ್ ರಾಜ್ಯದೊಳಗೇ, ಸಿತ್ವೆ ಪಟ್ಟಣದ ಸುತ್ತ ಬೇಲಿಯೊಳಗಿನ ಶಿಬಿರಗಳಲ್ಲಿದ್ದರು. ‘ಮೊದಲು ಅವರನ್ನು ಮನೆಗೆ ಕಳಿಸಿ, ಆಮೇಲೆ ನಮ್ಮನ್ನು ಕರೆಯಿರಿ’ ಎಂಬ ವಾದಕ್ಕೆ ಉತ್ತರ ಕೊಡುವುದು ಕಷ್ಟ, ಅಲ್ವಾ?

ಎರಡೂ ಕಡೆಯ ವಾದ

ಇಲ್ಲಿ ಬಾಂಗ್ಲಾದೇಶವನ್ನು ಸುಮ್ನೆ ಬೈದು ಮುಗಿಸುವ ಹಾಗಿಲ್ಲ. ಬಡ, ಜನಸಂದಣಿಯ ದೇಶ. ಗಡಿ ತೆರೆದು 10 ಲಕ್ಷಕ್ಕೂ ಹೆಚ್ಚು ಜನರನ್ನು ಇಟ್ಟುಕೊಂಡಿದೆ. ಉಖಿಯಾ, ತೆಕ್ನಾಫ್‌ಗಳಲ್ಲಿ ಊರಿನವರಿಗಿಂತ ನಿರಾಶ್ರಿತರೇ ಜಾಸ್ತಿ. ಗುಡ್ಡದ ಕಾಡು ಹೋಯಿತು, ಆನೆ ಓಡಾಡುವ ದಾರಿಯಲ್ಲಿ ಶಿಬಿರ ಎದ್ದಿತು, ಕೂಲಿ ಇಳಿಯಿತು ಎಂದು ಸ್ಥಳೀಯರು ದೂರುತ್ತಾರೆ. ಜಗತ್ತಿನ ನಿರಾಶ್ರಿತರಲ್ಲಿ ನಾಲ್ಕರಲ್ಲಿ ಸುಮಾರು ಮೂರು ಪಾಲು ಇರುವುದು ಇಂಥ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲೇ. ಉಪದೇಶ ಮಾಡುವ ಶ್ರೀಮಂತ ದೇಶಗಳು ಎಷ್ಟು ಜನರನ್ನು ಕರೆದುಕೊಂಡಿವೆ ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ.

ಕಾನೂನಿನಲ್ಲೂ ಒಂದು ತೊಡಕು ಇದೆ. 1951ರ ಒಪ್ಪಂದದಲ್ಲಿ ‘ಸ್ವಇಚ್ಛೆಯ ವಾಪಸಾತಿ’ ಎಂಬ ಮಾತು ಇಲ್ಲ. ಯಾವ ಕಾರಣಕ್ಕೆ ಓಡಿಬಂದರೋ ಆ ಕಾರಣ ಹೋದರೆ ನಿರಾಶ್ರಿತ ಎಂಬ ಸ್ಥಾನವೂ ಮುಗಿಯಬಹುದು ಎಂದಷ್ಟೇ ಅದು ಹೇಳುತ್ತದೆ. ಸ್ವಇಚ್ಛೆಯ ಮಾತು ಬಂದದ್ದು ಯುಎನ್‌ಎಚ್‌ಸಿಆರ್‌ನ ಸ್ಥಾಪನಾ ನಿಯಮದಿಂದ. ಅದನ್ನು ಒಂದು ಒಪ್ಪಂದದಲ್ಲಿ ಗಟ್ಟಿಯಾಗಿ ಬರೆದವರು ಆಫ್ರಿಕಾದ ದೇಶಗಳು, 1969ರಲ್ಲಿ. ಹಾಗಾಗಿ ಕೆಲವು ಸರ್ಕಾರಗಳು ಕೇಳುತ್ತವೆ: ಅಲ್ಲಿ ಶಾಂತಿ ಬಂದಿದ್ದರೆ ಅವರ ಇಷ್ಟವನ್ನು ಯಾಕೆ ಕೇಳಬೇಕು? ಇನ್ನೊಂದು ಕಡೆಯವರ ಉತ್ತರ: ಶಾಂತಿ ಬಂದಿದೆ ಎಂದು ತೀರ್ಮಾನಿಸುವವರು ಯಾರು? ಕಳಿಸಲು ಅವಸರ ಇರುವವರೇ ತೀರ್ಪುಗಾರರಾದರೆ ಹೇಗೆ?

ಆ ಆಫ್ರಿಕಾದಲ್ಲೇ ಆದದ್ದು ನೋಡಿ. 1996ರ ಡಿಸೆಂಬರ್‌ನಲ್ಲಿ ತಾಂಜಾನಿಯಾ ಸರ್ಕಾರ ಮತ್ತು ಯುಎನ್‌ಎಚ್‌ಸಿಆರ್ ಸೇರಿ ಒಂದು ಪ್ರಕಟಣೆ ಹೊರಡಿಸಿದವು. ರುವಾಂಡಾದ ನಿರಾಶ್ರಿತರೆಲ್ಲ ತಿಂಗಳ ಕೊನೆಯೊಳಗೆ ವಾಪಸ್ ಹೋಗಬೇಕು ಎಂದು. ಎಷ್ಟೋ ಜನ ಹೋಗಲು ಒಪ್ಪದೆ ಶಿಬಿರ ಬಿಟ್ಟು ದೇಶದ ಒಳಕ್ಕೆ ನಡೆದರು. ಸೈನಿಕರು ಅಡ್ಡಹಾಕಿ ಗಡಿಯತ್ತ ತಿರುಗಿಸಿದರು. ಸುಮಾರು 5 ಲಕ್ಷ ಜನ ಹಾಗೆ ಮರಳಿದರು. ಕಾಯಬೇಕಾದ ಸಂಸ್ಥೆಯೇ ಗಡುವಿಗೆ ಸಹಿ ಹಾಕಿದ್ದು ಇವತ್ತಿಗೂ ಚರ್ಚೆಯ ವಿಷಯ.

ಈ ಅವಸರಕ್ಕೆ ಇತಿಹಾಸದ ಕಾರಣವೂ ಇದೆ. ಶೀತಲ ಸಮರದ ಕಾಲದಲ್ಲಿ ಕಮ್ಯುನಿಸ್ಟ್ ದೇಶಗಳಿಂದ ಬಂದವರನ್ನು ಪಶ್ಚಿಮದ ದೇಶಗಳು ಕರೆದು ಕೂರಿಸಿಕೊಳ್ಳುತ್ತಿದ್ದವು. ಅದೊಂದು ಪ್ರಚಾರವೂ ಆಗುತ್ತಿತ್ತು. ಸೋವಿಯತ್ ಒಕ್ಕೂಟ ಮುರಿದ ಮೇಲೆ ಆ ಆಸಕ್ತಿ ಇಳಿಯಿತು. ಯುಎನ್‌ಎಚ್‌ಸಿಆರ್‌ನ ಆಗಿನ ಮುಖ್ಯಸ್ಥೆ, ಹೈಕಮಿಷನರ್ ಸದಾಕೊ ಒಗಾಟ 1990ರ ದಶಕವನ್ನು ಸ್ವಇಚ್ಛೆಯ ವಾಪಸಾತಿಯ ದಶಕ ಎಂದು ಕರೆದರು. ಮೂರು ದಾರಿಗಳಲ್ಲಿ ಒಂದು ಮಾತ್ರ ಹೆದ್ದಾರಿಯಾಯಿತು.

ತಟ್ಟೆಯ ಅನ್ನ

ಒತ್ತಾಯ ಎಂದರೆ ಲಾಠಿಯೇ ಆಗಬೇಕಿಲ್ಲ. 2023ರಲ್ಲಿ ದಾನ ಕೊಡುವ ದೇಶಗಳ ಹಣ ಕಡಿಮೆಯಾಗಿ, ವಿಶ್ವ ಆಹಾರ ಕಾರ್ಯಕ್ರಮ ಕಾಕ್ಸ್ ಬಜಾರ್‌ನಲ್ಲಿ ಒಬ್ಬರಿಗೆ ತಿಂಗಳಿಗೆ ಕೊಡುತ್ತಿದ್ದ 12 ಡಾಲರ್ ರೇಷನ್ನನ್ನು ಮಾರ್ಚ್‌ನಲ್ಲಿ 10ಕ್ಕೆ, ಜೂನ್‌ನಲ್ಲಿ 8ಕ್ಕೆ ಇಳಿಸಿತು. ಆಗಿನ ದರದಲ್ಲಿ ದಿನಕ್ಕೆ ಸುಮಾರು 22 ರೂಪಾಯಿ. ನಮ್ಮ ಹೋಟೆಲಿನಲ್ಲಿ ಒಂದು ಪ್ಲೇಟ್ ಇಡ್ಲಿಗೂ ಸಾಲದು. ಹೊರಗೆ ದುಡಿಯಲು ಅವರಿಗೆ ಅನುಮತಿ ಇಲ್ಲ. ಮುಂದಿನ ವರ್ಷ ರೇಷನ್ ಮತ್ತೆ ಏರಿತು, ಆದರೆ 2025ರಲ್ಲಿ 6 ಡಾಲರ್‌ಗೆ ಇಳಿಸುತ್ತೇವೆ ಎಂಬ ನೋಟಿಸ್ ಬಂದು, ಕೊನೇ ಗಳಿಗೆಯಲ್ಲಿ ತಪ್ಪಿತು.

ಅದೇ 2023ರಲ್ಲಿ ಸಾವಿರ ಚಿಲ್ಲರೆ ಜನರನ್ನು ಪ್ರಾಯೋಗಿಕವಾಗಿ ಕಳಿಸುವ ಯೋಜನೆಯೂ ನಡೆದಿತ್ತು. ಮೇ 5ರಂದು 20 ರೋಹಿಂಗ್ಯಾಗಳು ಅಧಿಕಾರಿಗಳ ಜೊತೆ ದೋಣಿಯಲ್ಲಿ ನಾಫ್ ದಾಟಿ ರಖೈನ್‌ನ ಗಡಿ ಪಟ್ಟಣ ಮೌಂಗ್ಡಾಗೆ ಹೋದರು. ಆರು ವರ್ಷದ ಮೇಲೆ ಮೊದಲ ‘ಹೋಗಿ ನೋಡಿ ಬನ್ನಿ’ ಭೇಟಿ. ಅವರಿಗೆ ತೋರಿಸಿದ್ದು ಹೊಸದಾಗಿ ಕಟ್ಟಿದ ಸಾಲು ಮನೆ. ಸಂಜೆ ವಾಪಸ್ ಬಂದವರು ಹೇಳಿದ್ದು ಇಷ್ಟು: ಅದು ನಮ್ಮ ಊರಲ್ಲ, ಪೌರತ್ವದ ಮಾತೂ ಇಲ್ಲ. ಯೋಜನೆ ಮುಂದಕ್ಕೆ ಹೋಗಲಿಲ್ಲ.

ಈಗ ನದಿಯಾಚೆ ಯಾರಿದ್ದಾರೆ?

2021ರ ಫೆಬ್ರವರಿಯಲ್ಲಿ ಮ್ಯಾನ್ಮಾರ್‌ನಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಆಮೇಲೆ ದೇಶದ ತುಂಬ ಯುದ್ಧ. 2024ರ ಡಿಸೆಂಬರ್‌ನಲ್ಲಿ ಅರಾಕಾನ್ ಆರ್ಮಿ ಎಂಬ ರಖೈನ್ ಬಂಡುಕೋರ ಪಡೆ ಮೌಂಗ್ಡಾ ಹಿಡಿಯಿತು. ಬಾಂಗ್ಲಾದೇಶದ ಎದುರಿನ ಇಡೀ ಗಡಿ ಅದರ ಕೈಗೆ ಹೋಯಿತು. 2025ರ ಏಪ್ರಿಲ್‌ನಲ್ಲಿ ಸೈನ್ಯದ ಸರ್ಕಾರ 1.8 ಲಕ್ಷ ರೋಹಿಂಗ್ಯಾಗಳು ಮರಳಲು ಅರ್ಹರು ಎಂದು ಬಾಂಗ್ಲಾದೇಶಕ್ಕೆ ತಿಳಿಸಿತು. ಅರ್ಹತೆ ಕೊಟ್ಟವರ ಕೈಯಲ್ಲಿ ಆ ನೆಲವೇ ಇಲ್ಲ! ಈ ನಡುವೆ 2024ರ ಆರಂಭದಿಂದ ಒಂದೂವರೆ ವರ್ಷದಲ್ಲಿ ಸುಮಾರು 1.5 ಲಕ್ಷ ಜನ ಹೊಸದಾಗಿ ಓಡಿಬಂದು ಅದೇ ಶಿಬಿರಗಳಲ್ಲಿ ಸೇರಿಕೊಂಡರು.

ಆದರೂ ಶಿಬಿರದ ಬದುಕೆಲ್ಲ ನಾಳೆಯೇ ಹೊರಡುವವರ ಹಾಗೆ ಇದೆ. ಇಟ್ಟಿಗೆ, ಸಿಮೆಂಟಿನ ಮನೆ ಕಟ್ಟುವಂತಿಲ್ಲ. ಬಿದಿರು ಕೊಳೆತರೆ ಮತ್ತೆ ಬಿದಿರು, ಬೆಂಕಿ ಬಿದ್ದರೆ ಮತ್ತೆ ತಾರ್ಪಾಲು. ಮಕ್ಕಳಿಗೆ ಬಾಂಗ್ಲಾದೇಶದ ಪಠ್ಯ ಕಲಿಸುವುದಿಲ್ಲ. 2021ರ ಕೊನೆಯಿಂದ ಅಲ್ಲಿ ನಡೆಯುವುದು ಮ್ಯಾನ್ಮಾರ್ ಪಠ್ಯ, ಬರ್ಮೀಸ್ ಭಾಷೆಯಲ್ಲಿ. ಬೆಳಿಗ್ಗೆ ಬಿದಿರಿನ ಕೋಣೆಯಲ್ಲಿ ನೆಲದ ಮೇಲೆ ಕೂತು ಆ ಗುಂಡಗಿನ ಅಕ್ಷರಗಳನ್ನು ತಿದ್ದುವ ಮಕ್ಕಳಲ್ಲಿ ಎಷ್ಟೋ ಜನ 2017ರ ನಂತರ ಶಿಬಿರದಲ್ಲೇ ಹುಟ್ಟಿದವರು. ಅವರು ವಾಪಸ್ ಹೋಗಬೇಕಾದ ಊರನ್ನು ಅವರು ಒಂದು ಸಲವೂ ನೋಡಿಲ್ಲ.